ದೊಡ್ಡೋರಿಗೆ ಎದೆನೋವು

ಬುರುಲ್ ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅತ್ತೆಯ ಹೆಸರನ್ನು ಒಂದು ಸಲವೂ ಬಾಯಲ್ಲಿ ಆಡಿರಲಿಲ್ಲ. ಆಡುವ ಹಾಗೂ ಇಲ್ಲ. ಗಂಡನ ಕಡೆಯ ಹಿರಿಯರ ಹೆಸರು ಹಿಡಿದ ಸೊಸೆಯನ್ನು ನಮ್ಮ ಕಡೆ ಮನುಷ್ಯಳೆಂದೇ ಎಣಿಸುವುದಿಲ್ಲ. ಹೆಸರು ಹೋಗಲಿ, ಹೆಸರಿನಂಥ ಮಾತೂ ಆಡಬಾರದು. ಮಾವನ ಹೆಸರು ತೆಮಿರ್, ಅಂದರೆ ಕಬ್ಬಿಣ. ಆದ್ದರಿಂದ ಬುರುಲ್ ಪಾಲಿಗೆ ಲೋಕದಲ್ಲಿ ಕಬ್ಬಿಣವೇ ಇರಲಿಲ್ಲ. ಅಂಗಡಿಗೆ ಹೋಗಿ "ಆ ಗಟ್ಟಿ ಸಾಮಾನಿನ ಬಾಣಲೆ ಕೊಡಿ" ಅನ್ನುತ್ತಿದ್ದಳು; ಅಂಗಡಿಯವನು "ಯಾವ ಗಟ್ಟಿ ಸಾಮಾನಮ್ಮಾ, ಕಲ್ಲಾ, ಮರಾನಾ, ನಿನ್ನ ಮಾವನ ತಲೇನಾ?" ಎಂದು ಆಟ ಆಡಿಸುತ್ತಿದ್ದ. ಅತ್ತೆಯ ಹೆಸರು ಕಲೀಪಾ. ಎದುರಿಗೆ "ಅಮ್ಮ", ಬೇರೆಯವರ ಹತ್ತಿರ "ನಮ್ಮನೆ ದೊಡ್ಡೋರು". ಮಾವನೂ ನಮ್ಮನೆ ದೊಡ್ಡೋರೇ. ಯಾವ ದೊಡ್ಡೋರು ಅನ್ನುವುದನ್ನು ಕೇಳುವವರೇ ಊಹಿಸಿಕೊಳ್ಳಬೇಕು.

ಊಹಿಸಿಕೊಂಡರು. ಅದೇ ಈ ಕತೆ.

ಕಲೀಪಾ ಬಾಯಿ ಹರಿತದ ಹೆಂಗಸು. ಸೊಸೆಯನ್ನು ಬೈಯದೆ ಒಂದು ದಿನ ಕಳೆದವಳಲ್ಲ. ಆದರೆ ಬುರುಲ್ ಮೊದಲ ಸಲ ತಂದೂರಿ ಒಲೆಯಲ್ಲಿ ರೊಟ್ಟಿ ಹಚ್ಚಿ ಅಷ್ಟನ್ನೂ ಇದ್ದಿಲು ಮಾಡಿದಾಗ ಗಂಡನ ಮುಂದೆ "ನಾನೇ ಸುಟ್ಟೆ, ಕಣ್ಣು ಮಂಜಾಗಿದೆ" ಅಂದವಳೂ ಅವಳೇ. ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ, "ನಿಮ್ಮಮ್ಮ ನಿನಗೆ ಕೈ ಕೊಟ್ಟಿದ್ದಾಳೋ ಗೊರಸು ಕೊಟ್ಟಿದ್ದಾಳೋ?" ಎಂದು ಬೈದು, ಕೈ ಹಿಡಿದು ಕಲಿಸಿದಳು. ಬುರುಲ್‌ಗೆ ಆ ಬೈಗುಳ ತವರಿನ ಮುದ್ದಿಗಿಂತ ಹೆಚ್ಚಾಗಿ ಹೋಗಿತ್ತು.

ಆ ಮನೆಯಲ್ಲಿ ಎದೆನೋವು ಮೊದಲು ಬಂದದ್ದು ಮಾವನಿಗೆ. ಎರಡು ವರ್ಷದ ಹಿಂದೆ ಯಾವುದೋ ಮದುವೆಯಲ್ಲಿ ಕುರಿಬಾಲದ ಕೊಬ್ಬು, ಕುದುರೆ ಮಾಂಸ ಎಲ್ಲ ಗಂಟಲವರೆಗೆ ತುರುಕಿಕೊಂಡು ಬಂದು, ಎದೆ ಹಿಡಿದುಕೊಂಡು, "ಎದೆ ಹಿಂಡ್ತಿದೆ" ಅಂದ. ಅಷ್ಟೇ ಸಾಕಾಯಿತು. ಇಡೀ ಬೀದಿ ಎದ್ದು ನಿಂತಿತು. ಹೃದಯದ ಗಾಡಿ ಬಂತು. ನಮ್ಮೂರಿಗೆ ಇರುವುದೇ ಅಂಥದ್ದೊಂದು, ಎದೆಗೆ ತಂತಿ ಹಚ್ಚಿ ನೋಡುವ ಯಂತ್ರ ಇರುವ ಆಂಬುಲೆನ್ಸ್. ಅವನನ್ನು ಹಾಸಿಗೆ ಸಮೇತ ಎತ್ತಿಕೊಂಡು ಓಶ್ ಪಟ್ಟಣದ ಹೃದಯದ ವಾರ್ಡಿಗೆ ಸೇರಿಸಿದರು. ಅಲ್ಲಿನ ದೊಡ್ಡ ಡಾಕ್ಟರು ಒಳಗೂ ಹೊರಗೂ ಜಾಲಾಡಿ, ಕೊನೆಗೆ, "ಹೊಟ್ಟೆ ಉಬ್ಬರ. ಕೊಬ್ಬು ಕಡಿಮೆ ಮಾಡಿ" ಅಂದರು. ದೇವರು ಉಳಿಸಿದ ಅಂತ ಮನೆಯಲ್ಲಿ ಕುರಿ ಕಡಿದು ಊರಿಗೆಲ್ಲ ಊಟ ಹಾಕಿದರು. ಆ ಊಟದಲ್ಲೂ ಮಾವ ಕೊಬ್ಬನ್ನೇ ತಿಂದ.

ಆದರೆ ಒಂದು ಸಲ ಎದೆಗೆ ತಂತಿ ಹಚ್ಚಿಸಿಕೊಂಡು ಬಂದ ಗಂಡಸು ಮತ್ತೆ ಮಾಮೂಲಿ ಗಂಡಸಾಗುತ್ತಾನೆಯೇ? ಅವತ್ತಿನಿಂದ ಅವನು "ಹೃದಯದ ಮನುಷ್ಯ". ಅವನ ಮುಂದೆ ಬಾಗಿಲು ಬಡಿಯುವಂತಿಲ್ಲ, ದನಿ ಎತ್ತುವಂತಿಲ್ಲ. ನೀರಿನ ಬಕೆಟ್ಟು ಮುಟ್ಟಿದರೆ "ಅಯ್ಯೋ ನೀವ್ಯಾಕೆ!" ಅನ್ನುವುದು. ಅವನು ಬಿಟ್ಟ ಕಲ್ಲಿದ್ದಲಿನ ಚೀಲ, ಕುರಿಗಳ ಮೇವು, ನೀರು, ಎಲ್ಲ ಕಲೀಪಾಳ ಬೆನ್ನಿಗೆ ಬಂತು.

ಕಲೀಪಾಗೆ ಕೆಡುಕು ಶುರುವಾದದ್ದು ಬೇಸಿಗೆಯ ಕೊನೆಗೆ. ಮೊದಲು ದವಡೆ ನೋವು. ಹಲ್ಲಿನ ಡಾಕ್ಟರು ಒಂದು ಹಲ್ಲು ಕಿತ್ತ. ಹಲ್ಲು ಗಟ್ಟಿಮುಟ್ಟಾಗಿತ್ತು, ಕಿತ್ತಮೇಲೂ ನೋವು ಅಲ್ಲೇ ಇತ್ತು. ಆಮೇಲೆ ಬೆನ್ನು, ಭುಜ. ಆಮೇಲೆ ಬಾವಿಯಿಂದ ಅಂಗಳಕ್ಕೆ ಬರುವಷ್ಟರಲ್ಲಿ ಎರಡು ಸಲ ಬಕೆಟ್ಟು ಕೆಳಗಿಟ್ಟು ನಿಲ್ಲುವುದು. "ಏನಮ್ಮಾ?" ಅಂದರೆ, "ಏನಿಲ್ಲ, ಎದೆ ಹಿಂಡ್ತಿದೆ" ಅನ್ನುವಳು.

ಈ ಒಂದು ಮಾತೇ ಅವಳನ್ನು ಕೊಂದಿತು ಅಂತ ನಾನು ಹೇಳುತ್ತೇನೆ, ಯಾರು ಏನೇ ಅನ್ನಲಿ. ನಮ್ಮ ಕಡೆ ಹೆಂಗಸಿಗೆ ಬೇಜಾರಾದರೂ ಎದೆ ಹಿಂಡುತ್ತದೆ, ತವರು ನೆನಪಾದರೂ ಹಿಂಡುತ್ತದೆ, ಮೋಡ ಕವಿದರೂ ಹಿಂಡುತ್ತದೆ. ಅದೇ ಮಾತು ಗಂಡಸು ಆಡಿದರೆ ಕಾಯಿಲೆ, ಹೆಂಗಸು ಆಡಿದರೆ ಮನಸ್ಸು.

ಬುರುಲ್ ಕಾಡಿಬೇಡಿ ಅವಳನ್ನು ಊರ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿದ್ದದ್ದು ಹೆಂಗಸು ಡಾಕ್ಟರೇ, ರೈಕಾನ್ ಅಂತ, ಕಲೀಪಾಳದೇ ವಯಸ್ಸು. ಹೆಂಗಸಿನ ಕಷ್ಟ ಹೆಂಗಸಿಗೆ ಗೊತ್ತಾಗದೆ ಇರುತ್ತದೆಯೇ ಅಂದುಕೊಂಡಿದ್ದಳು ಬುರುಲ್. ಪಾಪ, ಸಣ್ಣ ವಯಸ್ಸು.

"ಏನಾಗುತ್ತೆ?"

"ಎದೆ ಹಿಂಡುತ್ತೆ ಡಾಕ್ಟ್ರೇ."

"ಯಾರಿಗೆ ಹಿಂಡಲ್ಲ ಹೇಳಿ!" ರೈಕಾನ್ ನಕ್ಕಳು. "ಮುಟ್ಟು ನಿಂತಿದೆಯಾ?"

"ಅದು ನಿಂತು ಯಾವ ಕಾಲ ಆಯ್ತು."

"ಮಗಳನ್ನ ಈ ವಸಂತದಲ್ಲಿ ಮದುವೆ ಮಾಡಿ ಕೊಟ್ರಿ ಅಲ್ವಾ?"

"ಹೂಂ."

"ಅದೇ ಮತ್ತೆ. ಮನೆ ಬಿಕೋ ಅಂತಿದೆ, ಎದೆ ಹಿಂಡ್ತಿದೆ. ಈ ನಿದ್ದೆ ಬೇರಿನ ರಸ ನಾಲ್ಕು ಹನಿ ನೀರಿಗೆ ಹಾಕ್ಕೊಂಡು ಕುಡೀರಿ, ಚೆನ್ನಾಗಿ ನಿದ್ದೆ ಮಾಡಿ. ಚಿಂತೆ ಕಡಿಮೆ ಮಾಡಿ."

"ದೊಡ್ಡೋರು ಬೆವರ್ತಾರೆ ಡಾಕ್ಟ್ರೇ," ಬುರುಲ್ ನಡುವೆ ಬಾಯಿ ಹಾಕಿದಳು. "ಎರಡು ಹೆಜ್ಜೆ ನಡೆದ್ರೆ ಏದುಸಿರು. ಆ ತಂತಿ ಯಂತ್ರದಲ್ಲಿ ಒಂದು ಸಲ ನೋಡಿದ್ರೆ..."

"ನಿನಗೂ ಆ ವಯಸ್ಸು ಬರ್ಲಿ, ನೀನೂ ಬೆವರ್ತೀಯ." ಡಾಕ್ಟರು ಆಗಲೇ ಮುಂದಿನವರನ್ನು ಕರೆದಾಗಿತ್ತು.

ದಾರಿಯಲ್ಲಿ ಕಲೀಪಾ ಗೊಣಗಿದಳು: "ನೋಡಿದ್ಯಾ? ನಾಲ್ಕು ಜನರ ಮುಂದೆ ಮುಟ್ಟಿನ ವಿಷಯ ಕೇಳಿಸ್ಕೊಂಡಿದ್ದಷ್ಟೇ ಲಾಭ."

ಆಮೇಲೆ ಒಬ್ಬ ಮುದುಕಿಯ ಹತ್ತಿರ ಹೋದರು. "ಹೆದರಿಕೊಂಡು ಎದೆ ಜಾರಿದೆ, ಎತ್ತಬೇಕು" ಅಂದಳು ಮುದುಕಿ. ಕರಗಿದ ಸೀಸವನ್ನು ನೀರಿಗೆ ಸುರಿದು ಏನೇನೋ ಮಣಮಣ ಅಂದಳು. ಅದರಿಂದ ಆದದ್ದೇನೂ ಇಲ್ಲ. ಆದರೆ ಆ ಮುದುಕಿ ಕಲೀಪಾಳ ಎದೆಯ ಮೇಲೆ ಅಂಗೈ ಇಟ್ಟು ತುಂಬ ಹೊತ್ತು ಸುಮ್ಮನೆ ಕೂತಿದ್ದಳು, "ತಾಯೀ, ಇದು ಕುಂಟುತ್ತಾ ಓಡ್ತಿದೆ" ಅಂದಳು. ಓದಿದವಳು ಅಷ್ಟನ್ನೂ ಮಾಡಲಿಲ್ಲವಲ್ಲ!

ಸುಗ್ಗಿ ಮುಗಿಯುತ್ತಿದ್ದಂತೆ ಬೀಗರು ಬರುತ್ತೇವೆಂದು ಹೇಳಿ ಕಳಿಸಿದರು. ಮಗಳನ್ನು ಕೊಟ್ಟ ಮನೆಯವರು, ಮೊದಲ ಸಲ ಬರುವವರು. ಅವರ ಮುಂದೆ ಒಂದು ಬಟ್ಟಲು ಕಡಿಮೆಯಾದರೂ ಮಗಳು ಜೀವಮಾನವಿಡೀ ಮಾತು ಕೇಳಬೇಕು. ಕಲೀಪಾ ಬೆಳಗಿನಿಂದ ನಿಂತಲ್ಲಿ ನಿಲ್ಲಲಿಲ್ಲ. ಕೆಂಪಕ್ಕಿಯ ಪುಲಾವ್‌ಗೆ ಕ್ಯಾರೆಟ್ ಹೆಚ್ಚಿ, ಮಾಂಸ ಒಲೆಗೇರಿಸಿ, ಕರಿಯುವುದಕ್ಕೆ ಹಿಟ್ಟು ನಾದುತ್ತಿದ್ದಳು. ಒಳಗೆ ನಡುಮನೆಯ ಮೇಲುಸ್ಥಾನದಲ್ಲಿ ದಿಂಬಿಗೆ ಒರಗಿ ಮಾವ ಬೀಗರ ಜೊತೆ ತನ್ನ ಹೃದಯದ ಕತೆ ಹೇಳುತ್ತಿದ್ದ. "ಓಶ್‌ನ ಡಾಕ್ಟ್ರೇ ಬೆಚ್ಚಿಬಿದ್ರು ಬೀಗರೇ, ಇಂಥ ಎದೆ ಇಟ್ಕೊಂಡು ಈ ಮನುಷ್ಯ ಬದುಕಿದ್ದು ಹೇಗೆ ಅಂತ!"

ಅಡುಗೆಮನೆಯಲ್ಲಿ ಕಲೀಪಾಳ ಕೈ ಹಿಟ್ಟಿನಲ್ಲೇ ನಿಂತುಹೋಯಿತು. ಬುರುಲ್ ತಿರುಗಿ ನೋಡಿದಳು. ಅತ್ತೆಯ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಹಣೆಯ ಬೆವರು ಹಿಟ್ಟಿಗೆ ತೊಟ್ಟಿಕ್ಕುತ್ತಿತ್ತು. ಬಾಗಿಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದಳು.

"ಅಮ್ಮಾ!"

"ಶ್! ಬೀಗರಿದ್ದಾರೆ." ಗೋಡೆ ಹಿಡಿದುಕೊಂಡಳು. "ಎಡಗೈ ಸೇದ್ತಿದೆ ಕಣೇ. ಎದೆ ಮೇಲೆ ಯಾರೋ ಕೂತ ಹಾಗಿದೆ. ಹೋಗುತ್ತೆ ಬಿಡು. ಎಣ್ಣೆ ಕಾದಿದೆ ನೋಡು, ಹೊಗೆ ಬರ್ತಿದೆ."

ಬುರುಲ್ ಗಂಡ ಕುಬಾತ್ ಬಾಡಿಗೆ ಕಾರು ಓಡಿಸುವವನು. ಓಶ್‌ಗೆ ಹೋದವನು ಸಂಜೆಯವರೆಗೆ ಬರುವುದಿಲ್ಲ. ಬುರುಲ್ ಹಿತ್ತಲಿಗೆ ಓಡಿ ಆಂಬುಲೆನ್ಸಿಗೆ ಫೋನ್ ಮಾಡಿದಳು.

"ಯಾರಿಗಮ್ಮಾ?" ಅತ್ತ ಕಡೆ ಗಂಡಸಿನ ದನಿ.

"ನಮ್ಮನೆ ದೊಡ್ಡೋರಿಗೆ."

"ಏನಾಗಿದೆ?"

"ಎದೆ ಹಿಂಡ್ತಿದೆಯಂತೆ. ಬೆವರು ಕಿತ್ಕೊಂಡು ಬರ್ತಿದೆ. ಎಡಗೈ ಸೇದ್ತಿದೆಯಂತೆ. ವಾಂತಿ ಆಯ್ತು."

"ವಯಸ್ಸು?"

"ಅರವತ್ತರ ಹತ್ರ."

"ಮಲಗಿಸಿ, ಮಲಗಿಸಿ! ಒಂದು ಹೆಜ್ಜೆನೂ ನಡೆಸ್ಬೇಡಿ ಅವರನ್ನ! ಹೃದಯದ ಗಾಡಿ ಈಗಲೇ ಹೊರಡಿಸ್ತೀನಿ. ಯಾರ ಮನೆ?"

"ಅದು... ಗಟ್ಟಿ ಸಾಮಾನು... ಅಕ್ಕಿ ಗಿರಣಿ ಪಕ್ಕದ ಮನೆ, ನೀಲಿ ಗೇಟು."

"ಓ, ತೆಮಿರ್ ಯಜಮಾನರ ಮನೆ! ಅವರಿಗೆ ಮೊದಲೇ ಹೃದಯದ ತೊಂದರೆ ಇತ್ತಲ್ಲಮ್ಮಾ! ಬಂದೇಬಿಟ್ರು ಅಂದ್ಕೋ." ಫೋನ್ ಕಟ್ಟಾಯಿತು.

ಯಜಮಾನರಿಗೆ ಅಂದುಕೊಂಡುಬಿಟ್ಟರು ಅಂತ ಬುರುಲ್‌ಗೆ ಗೊತ್ತಾಯಿತು. ಮತ್ತೆ ಫೋನ್ ಮಾಡಿ "ಯಜಮಾನರಲ್ಲ, ಅವರ ಹೆಂಡತಿ" ಅನ್ನಬಹುದಿತ್ತು. ಅನ್ನಲಿಲ್ಲ. ಅಂದರೆ ಆ ಗಾಡಿ ಅರ್ಧ ದಾರಿಯಿಂದ ಹಿಂದಿರುಗಿ ಹೋಗುತ್ತದೆ, ಬದಲಿಗೆ ಸೂಜಿಮದ್ದು ಚುಚ್ಚುವ ಹುಡುಗಿಯೊಬ್ಬಳು ಸಂಜೆಗೆ ಬರುತ್ತಾಳೆ ಅಂತ ಅವಳಿಗೆ ಗೊತ್ತಿತ್ತು. ಗಾಡಿ ಬರಲಿ ಮೊದಲು, ಬಂದಮೇಲೆ ಕಣ್ಣಿಂದ ನೋಡಿದವರು ಬಿಟ್ಟು ಹೋಗುತ್ತಾರೆಯೇ ಅಂದುಕೊಂಡಳು.

ಗಾಡಿ ಬಂತು. ದಡೂತಿ ಡಾಕ್ಟರೊಬ್ಬ, ಯಂತ್ರ ಹೊತ್ತ ಸಹಾಯಕನೊಬ್ಬ, ಇಬ್ಬರೂ ಅಡುಗೆಮನೆಯ ಮುಂದೆಯೇ ಹಾಯ್ದು ನೇರ ನಡುಮನೆಗೆ ನುಗ್ಗಿದರು. ಬುರುಲ್ ಹಿಂದಿನಿಂದ ಓಡಿದಳು. ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಮಾವನ ಭುಜ ಹಿಡಿದು ಮಲಗಿಸಿಯಾಗಿತ್ತು.

"ಅಲ್ಲಾಡ್ಬೇಡಿ ಯಜಮಾನ್ರೇ, ಉಸಿರು ನಿಧಾನ!"

ಮಾವನಿಗೆ ಮೊದಲು ಗಲಿಬಿಲಿ. ಆಮೇಲೆ ಬೀಗರ ಮುಖ ನೋಡಿದ, ಯಂತ್ರ ನೋಡಿದ, ಕೈ ತಾನಾಗಿ ಎದೆಗೆ ಹೋಯಿತು. "ನನಗೂ ಬೆಳಿಗ್ಗೆಯಿಂದ ಅನುಮಾನ ಇತ್ತು" ಅಂದ. "ಹೇಳಿದ್ರೆ ಹೆಂಗಸರು ಹೆದರ್ತಾರೆ ಅಂತ ನುಂಗ್ಕೊಂಡಿದ್ದೆ. ಸೊಸೆ ಸೂಕ್ಷ್ಮದವಳು, ಕಂಡುಹಿಡಿದಿದ್ದಾಳೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಜ್ವರ ಬಂದದ್ದು ಎಮ್ಮೆಗೆ, ಬರೆಗೆ ಬೆನ್ನು ಕೊಟ್ಟು ಸುಖವಾಗಿ ಮಲಗಿದ್ದು ಎತ್ತು. ಅಂಗಿ ಬಿಚ್ಚಿದರು, ತಂತಿ ಹಚ್ಚಿದರು, ಕಾಗದ ಚರಚರ ಬಂತು. ಬೀಗರು ದೇವರ ನೆನೆದರು. ಆ ಹೊತ್ತಿಗೆ ಬಾಗಿಲಲ್ಲಿ ಕಲೀಪಾ ಬಂದು ನಿಂತಳು. ಏನು ಮಾಡಲು ಅಂತೀರಿ? ಡಾಕ್ಟರು ಮನೆಗೆ ಬಂದಿದ್ದಾರಲ್ಲ, ಚಹಾ ತಂದಿದ್ದಳು! ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬಟ್ಟಲುಗಳು ಗಡಗಡ ಸದ್ದು ಮಾಡುತ್ತಿದ್ದವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವವರಿಗೆ ಆ ಸದ್ದು ಕೇಳಿಸುವುದಾದರೂ ಹೇಗೆ?

"ಡಾಕ್ಟ್ರೇ, ಅವರಿಗಲ್ಲ," ಅಂದಳು ಬುರುಲ್. "ದೊಡ್ಡೋರಿಗೆ."

"ದೊಡ್ಡೋರನ್ನೇ ನೋಡ್ತಿದ್ದೀವಲ್ಲಮ್ಮ."

"ಈ ದೊಡ್ಡೋರಲ್ಲ, ನಮ್ಮ..."

"ಸ್ವಲ್ಪ ಸುಮ್ನಿರ್ತೀಯಾ? ಗೆರೆ ಓದಬೇಕು."

ಬುರುಲ್‌ಗೆ ಎಲ್ಲಿತ್ತೋ ಅಷ್ಟು ಕೋಪ! "ಕಲೀಪಾಗೆ!" ಎಂದು ಕಿರುಚಿದಳು. "ಕಾಯಿಲೆ ಕಲೀಪಾಗೆ! ಕಣ್ಣು ಕಾಣ್ಸಲ್ವಾ ನಿಮಗೆ? ನಿಮ್ಮ ಮುಂದೆ ಚಹಾ ಹಿಡ್ಕೊಂಡು ನಿಂತಿದ್ದಾರಲ್ಲ, ಅವರು ಸಾಯ್ತಿದ್ದಾರೆ!"

ಬೀಗಿತ್ತಿ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಎಲ್ಲರೂ ತಿರುಗಿ ನೋಡಿದರು, ನಿಜ, ನೋಡಿದ್ದು ಬುರುಲ್‌ಳನ್ನು. ಅತ್ತೆಯ ಹೆಸರು ಹಿಡಿದು ಕೂಗಿದ ಸೊಸೆಯನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ.

"ನೋಡಿದ್ರಾ ಬೀಗರೇ," ಮಾವ ತಂತಿಗಳ ನಡುವಿನಿಂದಲೇ ಅಂದ, "ನನ್ನ ಎದೆ ಯಾಕೆ ಹೀಗಾಗಿದೆ ಅಂತ!"

ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತ್ತು. ಯಜಮಾನರ ಹೃದಯ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಸುಳ್ಳು ಹೇಳಿ ಗಾಡಿ ತರಿಸಿದ್ದರು. ಕಲೀಪಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಈಯಮ್ಮನಿಗಾ? ನಿಂತಿದ್ದಾರೆ, ಓಡಾಡ್ತಿದ್ದಾರೆ. ಏನಮ್ಮಾ, ಏನು ನಿಮ್ಮ ಕಷ್ಟ?"

"ಏನಿಲ್ಲಪ್ಪ," ಅಂದಳು ಕಲೀಪಾ, ಬೀಗರ ಕಡೆ ನೋಡಿ. "ಎದೆ ಸ್ವಲ್ಪ ಹಿಂಡ್ತಿತ್ತು."

"ಮಗಳ ನೆನಪು!" ಬೀಗಿತ್ತಿ ನಕ್ಕು ಹೇಳಿದಳು. "ಅವರ ಮಗಳು ನಮ್ಮನೆಗೆ ಬಂದಳಲ್ಲ, ಅದಕ್ಕೆ. ನಾವೇನು ಅವಳನ್ನ ನುಂಗ್ತೀವಾ ಬೀಗಿತ್ತೀ?"

ಎಲ್ಲರೂ ಸಮಾಧಾನದಿಂದ ನಕ್ಕರು. ಬುರುಲ್ ಯಂತ್ರಕ್ಕೆ ಅಡ್ಡ ನಿಂತಳು. "ಒಂದೇ ಒಂದು ಸಲ ತಂತಿ ಹಚ್ಚಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಇಷ್ಟು ಜನ ಗಂಡಸರ ಮುಂದೆ ಈಯಮ್ಮನ ಎದೆ ಬಿಚ್ಚಿಸ್ಲಾ? ನಾಚಿಕೆ ಇಲ್ವಾ ನಿನಗೆ?" ಅಂದ ಡಾಕ್ಟರು. ಗಂಡಸರನ್ನು ಹೊರಗೆ ಕಳಿಸಬಹುದು ಅನ್ನುವುದು ಯಾರಿಗೂ ಹೊಳೆಯಲಿಲ್ಲ. "ನರ ಸೋತಿದೆ. ಒಂದು ಇಂಜೆಕ್ಷನ್ ಕೊಡ್ತೀನಿ, ನಿದ್ದೆ ಬರುತ್ತೆ. ನಾಳೆ ಆಸ್ಪತ್ರೆಗೆ ಬಂದು ಸರದಿಯಲ್ಲಿ ಕೂತ್ಕೊಳ್ಳಿ."

ಸೂಜಿ ಚುಚ್ಚಿದರು. ಕಲೀಪಾ ತಂದಿದ್ದ ಚಹಾ ಕುಡಿದರು. ಹೋದರು.

ಮಾತ್ರೆಗೂ ಮದ್ದಿಗೂ ಬಗ್ಗದ ಹೆಂಗಸು ಕೊನೆಗೂ ಹಗಲು ಹೊತ್ತಿನಲ್ಲಿ ಮಲಗಿದಳು. "ನೋಡಿ, ಎಷ್ಟು ಸುಖವಾಗಿ ನಿದ್ದೆ ಮಾಡ್ತಿದ್ದಾಳೆ" ಅಂದರು ಎಲ್ಲರೂ. ಪುಲಾವ್ ಬಡಿಸುವ ಕೆಲಸ ಬುರುಲ್ ಪಾಲಿಗೆ ಬಂತು. ಒಂದೊಂದು ತಟ್ಟೆ ಇಟ್ಟು ಬಂದು ಅತ್ತೆಯ ಮೂಗಿನ ಮುಂದೆ ಬೆರಳು ಹಿಡಿದು ನೋಡುತ್ತಿದ್ದಳು. ಬೀಗರು ಹೊರಡುವಾಗ ಅವಳ ಕಡೆ ಯಾರೂ ತಿರುಗಲಿಲ್ಲ.

ಸಂಜೆಗೆ ಕುಬಾತ್ ಬಂದ. ದಾರಿಯಲ್ಲೇ ಸುದ್ದಿ ಮುಟ್ಟಿತ್ತು. "ಅಪ್ಪನ ಕಾಲಿಗೆ ಬಿದ್ದು ತಪ್ಪಾಯ್ತು ಅನ್ನು" ಅಂದ, ಬೂಟು ಬಿಚ್ಚುವುದಕ್ಕೂ ಮೊದಲು.

"ಅಂತೀನಿ. ಎಷ್ಟು ಸಲ ಬೇಕಾದ್ರೂ ಅಂತೀನಿ. ಮೊದಲು ಒಳಗೆ ಹೋಗಿ ನಿಮ್ಮಮ್ಮನ ತುಟಿ ಬಣ್ಣ ನೋಡಿ."

ನೋಡಿದ. ತಾಯಿಯನ್ನು ಎತ್ತಿ ಕಾರಿಗೆ ಹಾಕಿದ. ಗದ್ದೆಗಳ ನಡುವೆ ಓಶ್ ದಾರಿ ಹಿಡಿದರು. ಹಿಂದಿನ ಸೀಟಿನಲ್ಲಿ ಬುರುಲ್ ತೊಡೆಯ ಮೇಲೆ ಅತ್ತೆಯ ತಲೆ. ಕಲೀಪಾ ಕಣ್ಣು ಬಿಟ್ಟಳು.

"ಹುಡುಗೀ, ನನ್ನ ಹೆಸರು ಕೂಗಿದೆಯಲ್ಲೇ."

"ತಪ್ಪಾಯ್ತಮ್ಮಾ."

"ಕೂಗೋದು ಕೂಗಿದೆ, ಇನ್ನೂ ಸ್ವಲ್ಪ ಜೋರಾಗಿ ಕೂಗೋದಲ್ವಾ?" ನಗಲು ನೋಡಿದಳು. "ನಾನೂ ಸೇರಿಸಬೇಕಿತ್ತು ದನಿ. ಬೀಗರಿದ್ದಾರೆ ಅಂದ್ಕೊಂಡೆ ನೋಡು. ಎಂಥಾ ಕತ್ತೆ ನಾನು."

ಅತ್ತೆಯ ಕೈ ಬುರುಲ್ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಆಮೇಲೆ ಸಡಿಲವಾಯಿತು. ಓಶ್‌ನ ದೀಪಗಳು ಕಾಣುವ ಮೊದಲೇ ಎಲ್ಲ ಮುಗಿದಿತ್ತು. ಅಲ್ಲಿನ ಡಾಕ್ಟರು ಸತ್ತ ದೇಹ ನೋಡಿ, ಆದದ್ದೆಲ್ಲ ಕೇಳಿ, "ಮಧ್ಯಾಹ್ನ ಆದದ್ದು ಹೃದಯಾಘಾತ. ಇಷ್ಟು ಹೊತ್ತು ಏನ್ರೀ ಮಾಡ್ತಿದ್ರಿ ನೀವು?" ಎಂದು ಕುಬಾತ್‌ನನ್ನು ಬೈದರು. ಕುಬಾತ್ ಬುರುಲ್ ಕಡೆ ನೋಡಿದ.

ಮಣ್ಣಾಯಿತು. ನಮ್ಮ ಪದ್ಧತಿಯಂತೆ ಗಂಡಸರು ಹೊರಗೆ ನಿಂತು ಗೋಳಾಡಿದರು, ಹೆಂಗಸರು ಒಳಗೆ ಕೂತು ಹಾಡಿ ಅತ್ತರು. ಅಳುವಿನ ನಡುವೆ ಪಿಸುಮಾತು ಶುರುವಾಯಿತು. ಮಗಳನ್ನು ನೆನೆದು ಎದೆ ಒಡೆದುಕೊಂಡಳು ಅಂತ ಒಬ್ಬರು. ಅಲ್ಲ, ಸೊಸೆ ಹೆಸರು ಹಿಡಿದು ಕೂಗಿದಳಲ್ಲ, ಹಿರಿಯರ ಹೆಸರು ಕೂಗಿದರೆ ಜೀವ ಬೆದರಿ ಹಾರುತ್ತದೆ ಅಂತ ಇನ್ನೊಬ್ಬರು. ಎರಡನೆಯದೇ ನಿಂತಿತು. ಅದನ್ನು ಎಲ್ಲರಿಗಿಂತ ಜೋರಾಗಿ ಹೇಳಿದವಳು ಎದುರು ಮನೆಯ ವಿಧವೆ ಅನಾರ್ಕಾನ್. "ಕೊಂದು ತಿಂದ್ಲು!" ಅಂತ ಬುರುಲ್‌ಗೆ ಕೇಳಿಸುವ ಹಾಗೆಯೇ ಅಂದಳು. ಮಾವ ಸೊಸೆಯ ಕೈಯಿಂದ ಚಹಾ ತೆಗೆದುಕೊಳ್ಳುವುದನ್ನು ಬಿಟ್ಟ. ಕುಬಾತ್‌ಗೆ ನಿಜ ಗೊತ್ತಿತ್ತು; ಗೊತ್ತಿದ್ದೂ ಬಾಯಿಗೆ ಬೀಗ. ಹೊಟ್ಟೆ ಉರಿಯುವುದು ನೋಡಿ, ಅಲ್ಲಿ.

ಹಿಮ ಬಿದ್ದ ಮೇಲೆ ಒಂದು ಮಧ್ಯಾಹ್ನ ಅದೇ ಅನಾರ್ಕಾನ್ ಹಿತ್ತಲ ಬಾಗಿಲಿಗೆ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮುಖ ಬೂದಿ ಬಣ್ಣ. ಅಂಥ ಚಳಿಯಲ್ಲೂ ಹಣೆಯ ತುಂಬ ಬೆವರು.

"ಬುರುಲ್, ತಾಯೀ. ದವಡೆಯೆಲ್ಲ ಸೆಳೀತಿದೆ ಕಣೇ. ಎದೆ..." ಮುಂದಿನ ಮಾತು ಆಡಲು ಹೆದರಿದಳು. "ಅವತ್ತು ಆ ಹೃದಯದ ಗಾಡಿ ಬಂತಲ್ಲ, ಫೋನಲ್ಲಿ ಏನಂದಿದ್ದೆ ನೀನು?"

ಬುರುಲ್ ಬಾಗಿಲು ಹಾಕಿಕೊಳ್ಳಬಹುದಿತ್ತು. ಹಾಕಿಕೊಂಡಿದ್ದರೂ ನಾನು ತಪ್ಪು ಅನ್ನುತ್ತಿರಲಿಲ್ಲ. ಅವಳು ರಟ್ಟೆ ಹಿಡಿದು ಒಳಗೆ ಕರೆತಂದು ಮಲಗಿಸಿ, ಕುತ್ತಿಗೆಯವರೆಗೆ ಕಂಬಳಿ ಹೊದಿಸಿದಳು.

"ಎದ್ದೇಳ್ಬೇಡಿ. ಯಾರಿಗೂ ಚಹಾ ಕೊಡೋಕೆ ಹೋಗ್ಬೇಡಿ. ಏನಿಲ್ಲ ಅಂತ ಮಾತ್ರ ಬಾಯಿ ತಪ್ಪಿಯೂ ಅನ್ಬೇಡಿ. ತಂತಿ ಹಚ್ಚೋವರೆಗೂ ಯಂತ್ರದವರನ್ನ ಆಚೆ ಬಿಡೋಳಲ್ಲ ನಾನು, ಬಾಗಿಲಿಗೆ ಅಗುಳಿ ಹಾಕ್ತೀನಿ. ಫೋನಲ್ಲಿ ಯಜಮಾನರಿಗೆ ಅಂತ ಹೇಳಿ."

"ಯಾವ ಯಜಮಾನ್ರು ಕಣೇ? ನಮ್ಮನೆಯವರು ಸತ್ತು ಎಷ್ಟು ವರ್ಷ ಆಯ್ತು!"

"ಅವರಿಗೇ ಅಂತ ಹೇಳಿ." ಬುರುಲ್ ಫೋನನ್ನು ಅವಳ ಕೈಗಿಟ್ಟಳು. "ಬದುಕಿರೋ ಹೆಂಗಸಿಗೆ ಬರದ ಗಾಡಿ ಸತ್ತ ಗಂಡಸಿಗೆ ಬರುತ್ತೆ."

ಅನಾರ್ಕಾನ್ ಅಳುತ್ತಾ ಹಾಗೇ ಹೇಳಿದಳು. ಗಾಡಿ ಬಂತು.